ಮನೆ ಬದಲಾಯಿತು, ಲ್ಯಾಂಡ್‌ಲೈನ್ ವಿಳಾಸ ಮಾತ್ರ ಹಳೇದೇ ಇದೆ. ಯಾರಿಗಾದರೂ ದಾರಿ ಗೊತ್ತಾ?

ಕ್ಯಾತ್ಸಂದ್ರ ನಿವಾಸಿ
ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಶೋಕನಗರದಿಂದ ಕ್ಯಾತ್ಸಂದ್ರಕ್ಕೆ ಮನೆ ಬದಲಾಯಿಸಿದ್ದೇವೆ. ಅಪ್ಪ, ಅಮ್ಮ ಇಬ್ಬರಿಗೂ ಎಪ್ಪತ್ತು ದಾಟಿದೆ. ನಮ್ಮ 0816 ನಂಬರು ನೆಂಟರಿಷ್ಟರಿಗೆಲ್ಲ ಬಾಯಿಪಾಠ. ಅದನ್ನು ಬಿಡುವ ಮಾತೇ ಇಲ್ಲ ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಈಗ ಅದು ಫೈಬರ್ ಮೇಲೆ ಬರುವ ಫೋನು. ಕಂಪನಿ ಯಾವುದು ಅಂತ ಕೇಳಬೇಡಿ, ನನಗೆ ಜಗಳ ಬೇಡ, ಕೆಲಸ ಆಗಬೇಕು.

ಶಿಫ್ಟಿಂಗ್‌ಗೆ ಅರ್ಜಿ ಹಾಕಿದೆ. ಹುಡುಗರು ಬಂದು ಕೇಬಲ್ ಎಳೆದು ಹೋದರು. ಇಂಟರ್ನೆಟ್ ಬಂತು. ಫೋನ್ ಎತ್ತಿದರೆ ಸದ್ದೇ ಇಲ್ಲ. ಕಂಪ್ಲೇಂಟ್ ಕೊಟ್ಟೆ. ರಿಪೇರಿಯವರು ನೇರ ಅಶೋಕನಗರದ ಹಳೇ ಮನೆಗೆ ಹೋಗಿ, ಈಗ ಅಲ್ಲಿರುವವರ ಬಾಗಿಲು ತಟ್ಟಿದ್ದಾರೆ! ಆಗಲೇ ಗೊತ್ತಾಗಿದ್ದು, ಅವರ ದಾಖಲೆಯಲ್ಲಿ ನಮ್ಮ ವಿಳಾಸ ಬದಲಾಗೇ ಇಲ್ಲ. ಬಿಲ್ಲಿನಲ್ಲೂ ಹಳೇದೇ. ಫೋನ್ ಮಾಡಿ ಕೇಳಿದರೆ 'ನಿಮ್ಮ ಶಿಫ್ಟಿಂಗ್ ಮುಗಿದಿದೆ ಸರ್' ಅಂತಾರೆ, ಟಿಕೆಟ್ (ಅಂದ್ರೆ ನಮ್ಮ ದೂರಿನ ದಾಖಲೆ) ಮುಚ್ಚುತ್ತಾರೆ.

ಇನ್ನೊಂದು ತೊಡಕಿದೆ. ಈ ಮನೆಯ ಬೆಸ್ಕಾಂ ಬಿಲ್ ಇನ್ನೂ ಹಿಂದಿನ ಮಾಲೀಕರ ಹೆಸರಿನಲ್ಲಿದೆ. ಅಪ್ಪನ ಬ್ಯಾಂಕಿನಲ್ಲಿ ವಿಳಾಸ ಬದಲಾಯಿಸಲು ಫೋನ್ ಬಿಲ್ಲೇ ಕೊಡೋಣ ಅಂದುಕೊಂಡಿದ್ದೆವು. ಫೋನಿನವರು ಹೊಸ ವಿಳಾಸಕ್ಕೆ ಪುರಾವೆ ಕೊಡಿ ಅಂತಾರೆ. ಬ್ಯಾಂಕಿನವರು ಫೋನ್ ಬಿಲ್ ತನ್ನಿ ಅಂತಾರೆ. ಇದನ್ನು ಎಲ್ಲಿಂದ ಬಿಡಿಸೋದು?

ಗುಬ್ಬಿಗೇಟ್
ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕೆ ಬೇಕು ಗುರುಗಳೇ? ಅಪ್ಪ, ಅಮ್ಮನಿಗೆ ದೊಡ್ಡ ಬಟನ್ನಿನ ಮೊಬೈಲ್ ಕೊಡಿಸಿ. ತಲೆನೋವೇ ಇಲ್ಲ.

ಪಾವಗಡದ ಬಿಸಿಲು
@ಗುಬ್ಬಿಗೇಟ್ ಕೇಳಿದ ಪ್ರಶ್ನೆಗೆ ಉತ್ತರ ಕೊಡೋಣ. ಯಾಕೆ ಬೇಕು ಅನ್ನೋದು ಅವರ ಮನೆಯ ವಿಷಯ. ನಮ್ಮ ಅಜ್ಜಿಗೆ ಮೊಬೈಲ್ ಚಾರ್ಜ್ ಮಾಡೋದೇ ನೆನಪಿರಲ್ಲ. ಗೋಡೆ ಪಕ್ಕದ ಫೋನ್ ಎಲ್ಲೂ ಕಳೆದುಹೋಗಲ್ಲ, ಕತ್ತಲಲ್ಲೂ ಕೈಗೆ ಸಿಗುತ್ತೆ.

ಫೈಬರ್ ಕೆಲಸದವನು
ನಾನು ಈ ಕೆಲಸದಲ್ಲೇ ಇದ್ದೇನೆ. ಇಂಟರ್ನೆಟ್ ಬಂದು ಫೋನ್ ಬರದೇ ಇರೋದು ಶಿಫ್ಟಿಂಗ್ ಆದಮೇಲೆ ತುಂಬಾ ಕಡೆ ಆಗುತ್ತೆ. ಕಾರಣ ಹೇಳ್ತೀನಿ.

ನಿಮ್ಮ ಮನೆಯಲ್ಲಿರುವ ಪೆಟ್ಟಿಗೆಗೆ ಓಎನ್‌ಟಿ ಅಂತಾರೆ. ಅದು ರಸ್ತೆ ಕಂಬದ ಸ್ಪ್ಲಿಟರ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚೋದು) ಮೂಲಕ ಹೋಗಿ ಕಂಪನಿ ಕಡೆಯ ಓಎಲ್‌ಟಿ ಅನ್ನೋ ದೊಡ್ಡ ಯಂತ್ರಕ್ಕೆ ಸೇರುತ್ತೆ. ಬಡಾವಣೆ ಬದಲಾದರೆ ಹೆಚ್ಚಿನ ಸಲ ಓಎಲ್‌ಟಿಯೂ ಬದಲಾಗುತ್ತೆ. ಇಂಟರ್ನೆಟ್‌ಗೆ ಒಂದು ಸೆಟ್ಟಿಂಗ್, ಫೋನಿಗೆ ಬೇರೆ ಸೆಟ್ಟಿಂಗ್. ನಿಮ್ಮ 0816 ನಂಬರನ್ನು ಹೊಸ ಪೋರ್ಟಿಗೆ ಯಾರಾದರೂ ಕೂತು ಸೇರಿಸಬೇಕು. ಕೇಬಲ್ ಎಳೆಯುವ ಹುಡುಗರ ಕೈಯಲ್ಲಿ ಅದು ಇರಲ್ಲ. ಅವರು ದೀಪ ಹಸಿರಾದ ಕೂಡಲೇ ಫೋಟೋ ಹೊಡೆದು ಕೆಲಸ ಮುಗೀತು ಅಂತ ಹಾಕ್ತಾರೆ.

ಪೆಟ್ಟಿಗೆ ಮೇಲೆ ನೋಡಿ. 'ಲಾಸ್' ಅಂತ ಬರೆದಿರುವ ದೀಪ ಕೆಂಪಾಗಿದ್ದರೆ ಕೇಬಲ್ಲಿನ ತೊಂದರೆ. ಅದು ಆರಿದ್ದು, 'ಪಿಓಎನ್' ದೀಪ ಮಿನುಗದೆ ನಿಂತು ಉರಿಯುತ್ತಿದ್ದು, ಫೋನಿನ ದೀಪ ಮಾತ್ರ ಹತ್ತಿಲ್ಲ ಅಂದ್ರೆ ನಂಬರೇ ಸೇರಿಸಿಲ್ಲ ಅಂತ ಅರ್ಥ. ಕಂಪ್ಲೇಂಟ್ ಕೊಡುವಾಗ 'ಫೋನ್ ಡೆಡ್' ಅನ್ನಬೇಡಿ. 'ಶಿಫ್ಟ್ ಆದಮೇಲೆ ವಾಯ್ಸ್ ಕಾನ್ಫಿಗರ್ ಆಗಿಲ್ಲ, ಡೇಟಾ ಸರಿ ಇದೆ' ಅಂತ ಹೇಳಿ. ಆಗ ಕಂಪ್ಲೇಂಟ್ ಸರಿಯಾದ ಟೇಬಲ್ಲಿಗೆ ಹೋಗುತ್ತೆ. ಡೆಡ್ ಅಂದ್ರೆ ಮತ್ತೆ ಏಣಿ ಹಿಡಿದು ಹುಡುಗರೇ ಬರ್ತಾರೆ.

ಕ್ಯಾತ್ಸಂದ್ರ ನಿವಾಸಿ
@ಫೈಬರ್ ಕೆಲಸದವನು ಈಗ ನೋಡಿದೆ. ಲಾಸ್ ಆರಿದೆ. ಪಿಓಎನ್ ಹಸಿರು, ನಿಂತಿದೆ. ಫೋನಿನ ದೀಪ ಹತ್ತಿಲ್ಲ. ನೀವು ಹೇಳಿದ್ದೇ. ತುಂಬಾ ಥ್ಯಾಂಕ್ಸ್, ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ನಿವೃತ್ತ ಲೈನ್‌ಮನ್
ಹಿಂದೆ ತಾಮ್ರದ ತಂತಿ ಇದ್ದಾಗ ಇದು ಕಣ್ಣಿಗೆ ಕಾಣುವ ಕೆಲಸ. ಎಕ್ಸ್‌ಚೇಂಜಿನಲ್ಲಿ ಎಂಡಿಎಫ್ ಅಂತ ದೊಡ್ಡ ಚೌಕಟ್ಟು. ಒಂದು ಕಡೆ ನಂಬರು, ಇನ್ನೊಂದು ಕಡೆ ಊರಿಗೆ ಹೋಗುವ ಕೇಬಲ್. ಮಧ್ಯೆ ಒಂದು ಜಂಪರ್ ತಂತಿ. ಮನೆ ಬದಲಾದರೆ ಹಳೇ ಜಂಪರ್ ಕಿತ್ತು ಹೊಸ ಜೋಡಿಗೆ ಹಾಕೋದು. ನಂಬರು ಅದೇ, ದಾರಿ ಬೇರೆ. ಆಮೇಲೆ ರಸ್ತೆ ಬದಿಯ ಪಿಲ್ಲರ್ ಬಾಕ್ಸ್, ಕಂಬದ ಮೇಲೆ ಲೈನ್ ಹಂಚುವ ಡಿಪಿ ಪೆಟ್ಟಿಗೆ, ಅಲ್ಲಿಂದ ಮನೆ. ಮಳೆಗಾಲದಲ್ಲಿ ಕಂಬದ ಮೇಲೆ ಕೂತು ತಂತಿ ಹಿಡಿದಿರುವಾಗ ಆ ಲೈನಿಗೆ ಕರೆ ಬಂದರೆ ಕೈ ಜುಮ್ ಅನ್ನುತ್ತಿತ್ತು. ಸುಮ್ಮನಿದ್ದಾಗ 48 ವೋಲ್ಟ್, ರಿಂಗ್ ಆಗುವಾಗ ಸುಮಾರು 75 ವೋಲ್ಟ್.

ಒಂದು ಮಾತು ಎಲ್ಲರೂ ನೆನಪಿಡಿ. ಆ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಹೋಗುತ್ತಿರಲಿಲ್ಲ. ಫೈಬರ್‌ನಲ್ಲಿ ಹಾಗಲ್ಲ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಪೆಟ್ಟಿಗೆಗೆ ಕರೆಂಟ್ ಇಲ್ಲ ಅಂದ್ರೆ ಫೋನ್ ಇಲ್ಲ. ವಯಸ್ಸಾದವರ ಮನೆಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ. ರೂಟರ್‌ಗೆ ಅಂತಲೇ 12 ವೋಲ್ಟಿನದು ಅಂಗಡಿಯಲ್ಲಿ ಸಿಗುತ್ತೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಂಡು ಅದಕ್ಕೆ ಹೊಂದುವುದನ್ನೇ ತನ್ನಿ.

ಸಿರಾಗೇಟ್ ಸುಬ್ಬಿ
ಲೈನ್‌ಮನ್ ಅಣ್ಣ, ನಿಮ್ಮ ಮಾತು ಕೇಳ್ತಾ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ನೆನಪಾಯಿತು. ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನ ಮುಂದೆ ರಾತ್ರಿ ದರ ಕಡಿಮೆ ಆಗುವವರೆಗೂ ನಿಂತಿರೋದು!

ಕೋಲಾರದ ಮಾವು
ವಿಳಾಸ ಗಿಳಾಸ ಯಾಕೆ? ಮೊಬೈಲ್ ತರಹ ಪೋರ್ಟ್ ಮಾಡಿಸಿ ಬೇರೆ ಕಂಪನಿಗೆ ಹೋಗಿ. ಅವರೇ ಹೊಸ ವಿಳಾಸ ಬರ್ಕೋತಾರೆ. ನಂಬರು ಅದೇ ಇರುತ್ತೆ.

ಗೌರಿಬಿದನೂರು ಎಕ್ಸ್‌ಪ್ರೆಸ್
@ಕೋಲಾರದ ಮಾವು ತಪ್ಪು. ದಯವಿಟ್ಟು ಇದನ್ನು ಓದಿ ಯಾರೂ ಕನೆಕ್ಷನ್ ಸರೆಂಡರ್ ಮಾಡಬೇಡಿ. ನಂಬರ್ ಪೋರ್ಟ್ ಮಾಡೋದು ಇರೋದು ಮೊಬೈಲ್‌ಗೆ ಮಾತ್ರ. ಅದು ದೇಶದ ತುಂಬ ಬಂದಿದ್ದು 2011ರ ಜನವರಿಯಲ್ಲಿ. ರಾಜ್ಯ ದಾಟಿದರೂ ಅದೇ ನಂಬರು ಅನ್ನೋದು 2015ರ ಜುಲೈನಿಂದ. ಲ್ಯಾಂಡ್‌ಲೈನ್‌ಗೆ ಆ ಸೌಲಭ್ಯ ಇಲ್ಲ. ಬೇರೆ ಕಂಪನಿಗೆ ಹೋದರೆ ನಂಬರು ಹೋಯಿತು.

ಕೋಲಾರದ ಮಾವು
ಹಂಗಾದ್ರೆ ನಮ್ಮ ಚಿಕ್ಕಪ್ಪ ತುಮಕೂರಿನಿಂದ ಕುಣಿಗಲ್‌ಗೆ ಹೋದಾಗ ಅದೇ ಕಂಪನಿ ಇತ್ತು, ಆದರೂ ನಂಬರು ಬದಲಾಯಿತಲ್ಲ?

ಗೌರಿಬಿದನೂರು ಎಕ್ಸ್‌ಪ್ರೆಸ್
ಕೋಡೇ ಬೇರೆ ಅಲ್ವಾ! ತುಮಕೂರು 0816, ಕುಣಿಗಲ್ 08132. ಲ್ಯಾಂಡ್‌ಲೈನ್ ನಂಬರು ಊರಿನ ಕೋಡಿಗೆ ಕಟ್ಟಿರುತ್ತೆ. ಅಶೋಕನಗರ, ಕ್ಯಾತ್ಸಂದ್ರ ಎರಡೂ 0816 ಒಳಗೇ ಇರೋದರಿಂದ ಇವರದು ಉಳಿದಿದೆ. ಒಂದೇ ಕೋಡಿನೊಳಗೂ ಎಕ್ಸ್‌ಚೇಂಜ್ ಬದಲಾದರೆ ನಂಬರು ಬದಲಾಗಬಹುದು. ಅದಕ್ಕೇ ಅರ್ಜಿ ಹಾಕುವ ಮೊದಲೇ 'ಇದೇ ನಂಬರು ಅಲ್ಲಿ ಸಿಗುತ್ತಾ' ಅಂತ ಬಾಯಿಬಿಟ್ಟು ಕೇಳಬೇಕು.

ಚಿಂತಾಮಣಿ ಹುಡುಗಿ
ವಿಳಾಸದ ವಿಷಯಕ್ಕೆ ಬರ್ತೀನಿ. ನಮ್ಮ ಕಡೆಯ ಗೋಳು ಕೇಳಿ. ಚಿಂತಾಮಣಿ ಇರೋದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. 2007ರಲ್ಲಿ ಜಿಲ್ಲೆ ಬೇರೆ ಆಯಿತು. ಆದರೆ ನಮ್ಮ ಪಿನ್ 563125. ಕೋಲಾರದ 563101 ಇದ್ದ ಹಾಗೆ 563ರಿಂದಲೇ ಶುರು. ಚಿಕ್ಕಬಳ್ಳಾಪುರ ಪಟ್ಟಣದ್ದು 562101. ನಾನು ಒಂದು ಕಂಪನಿಯ ಆನ್‌ಲೈನ್ ಫಾರ್ಮಿನಲ್ಲಿ ಪಿನ್ ಹಾಕಿದ ಕೂಡಲೇ ಜಿಲ್ಲೆ ಅಂತ ಕೋಲಾರ ತಾನಾಗೇ ಬಂದು ಕೂತಿತು. ಅಳಿಸಲು ಬಿಡಲಿಲ್ಲ. ಆಧಾರ್‌ನಲ್ಲಿ ಚಿಕ್ಕಬಳ್ಳಾಪುರ ಇದೆ. ವಿಳಾಸ ತಾಳೆ ಆಗಲ್ಲ ಅಂತ ಅರ್ಜಿ ವಾಪಸ್.

ಕೊನೆಗೆ ಸರಿ ಹೋಗಿದ್ದು ಕೌಂಟರಿಗೆ ಹೋಗಿ ಕಾಗದದ ಅರ್ಜಿ ಕೊಟ್ಟಾಗ. ಅಲ್ಲಿದ್ದ ಮೇಡಂ ಆಧಾರ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಅದರಲ್ಲಿ ಇದ್ದ ಹಾಗೇ ಟೈಪ್ ಮಾಡಿದರು. ಹತ್ತಿರದ ಗುರುತು ಅನ್ನೋ ಖಾನೆಯನ್ನೂ ತುಂಬಿಸಿದರು. ಅದರಿಂದ ಆಮೇಲೆ ರಿಪೇರಿಗೆ ಬಂದವರಿಗೆ ಮನೆ ಸುಲಭವಾಗಿ ಸಿಕ್ಕಿತು. ಆನ್‌ಲೈನ್ ಒಳ್ಳೇದೇ, ಆದರೆ ಮೂರು ಜಿಲ್ಲೆಗಳ ಗಡಿ ಊರಿನವರು ಕೌಂಟರಿಗೇ ಹೋಗಿ.

ಶಿಡ್ಲಘಟ್ಟ ರೇಷ್ಮೆ
@ಚಿಂತಾಮಣಿ ಹುಡುಗಿ ನಿಜ. ಬಾಗೇಪಲ್ಲಿಯದು 561207, ನಮ್ಮದು 562105. ಒಂದೇ ಜಿಲ್ಲೆ, ಮೂರು ತರಹ ಪಿನ್.

ಗುಬ್ಬಿಗೇಟ್
ಬರೀ ಬಿಲ್ಲಿನ ವಿಳಾಸಕ್ಕೆ ಇಷ್ಟೆಲ್ಲಾ ಓಡಾಟ ಬೇಕಾ? ಬಿಲ್ ಹೇಗೂ ಮೇಲ್‌ಗೆ ಬರುತ್ತೆ. ಆನ್‌ಲೈನ್ ಕಟ್ಟಿದರೆ ಮುಗೀತು.

ಬಟವಾಡಿ ಟೀಚರ್
@ಗುಬ್ಬಿಗೇಟ್ ಬೇಕು ಅಪ್ಪಾ. ನಮ್ಮ ಮನೆಯಲ್ಲಿ ಆದದ್ದು ಹೇಳ್ತೀನಿ. ಮನೆ ಬದಲಾಯಿಸಿದ ಹೊಸದರಲ್ಲಿ ನಮ್ಮ ಅತ್ತೆಗೆ ರಾತ್ರಿ ಎದೆ ನೋವು ಬಂತು. ನಾವಿಬ್ಬರೂ ಊರಲ್ಲಿ ಇರಲಿಲ್ಲ. ಮಾವ ಮನೆ ಫೋನಿನಿಂದ 108ಕ್ಕೆ ಮಾಡಿದರು. ಗಾಬರಿಯಲ್ಲಿ ಅವರ ಬಾಯಿಗೆ ಬಂದಿದ್ದು ಮೂವತ್ತು ವರ್ಷ ಇದ್ದ ಹಳೇ ಮನೆ ವಿಳಾಸ. ಪಕ್ಕದ ಮನೆಯವರು ಓಡಿಬಂದು ಫೋನ್ ಇಸ್ಕೊಂಡು ಸರಿಯಾಗಿ ಹೇಳಿದ್ದಕ್ಕೆ ಬಚಾವ್. ಕಂಪನಿ ದಾಖಲೆಯಲ್ಲೂ ಆಗ ಹಳೇ ವಿಳಾಸವೇ ಇತ್ತು. ಇವರು ಹೇಳಿದ್ದನ್ನು ಯಾರಾದರೂ ತಾಳೆ ನೋಡಿದ್ದರೂ ಅದೇ ತಪ್ಪು ಮನೆ ಸಿಗುತ್ತಿತ್ತು.

ಅತ್ತೆ ಈಗ ಚೆನ್ನಾಗಿದ್ದಾರೆ. ಮಾರನೇ ವಾರವೇ ವಿಳಾಸ ಬದಲಾಯಿಸಿದೆವು. ಒಂದು ಬಿಳಿ ರಟ್ಟಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಹೊಸ ವಿಳಾಸ, ಕ್ರಾಸ್ ನಂಬರು, ಎದುರಿಗಿರುವ ಹಾಲಿನ ಬೂತು, ಪಕ್ಕದ ಮನೆಯವರ ಮೊಬೈಲ್, 108, 112 ಎಲ್ಲ ದಪ್ಪಗೆ ಬರೆದು ಫೋನಿನ ಮೇಲೆಯೇ ಗೋಡೆಗೆ ಹೊಡೆದಿದ್ದೇನೆ. ಮಾವ ಕನ್ನಡಕ ಹಾಕದೆ ಓದಬೇಕು, ಅಷ್ಟು ದೊಡ್ಡ ಅಕ್ಷರ.

ಪಾವಗಡದ ಬಿಸಿಲು
ಟೀಚರ್, ಇದನ್ನು ಓದಿ ನಾನೂ ಈಗಲೇ ಬರೆದು ಅಂಟಿಸ್ತೀನಿ.

ಗುಬ್ಬಿಗೇಟ್
ಟೀಚರ್ ಹೇಳಿದ್ದು ಸರಿ. ಆ ಕಡೆಯಿಂದ ನಾನು ಯೋಚಿಸಿರಲಿಲ್ಲ. ಆದರೂ ಮೊಬೈಲ್ ಇದ್ದಿದ್ದರೆ ಜಾಗ ತಾನಾಗೇ ಗೊತ್ತಾಗುತ್ತಿತ್ತು ಅಲ್ವಾ?

ಬಟವಾಡಿ ಟೀಚರ್
ಎರಡೂ ಇರಲಿ ಅಂತಲೇ ನಾನೂ ಹೇಳೋದು. ಯಾವುದರಿಂದ ಮಾಡಿದರೂ ವಿಳಾಸವನ್ನು ಬಾಯಲ್ಲಿ ಹೇಳಬೇಕು. ಯಂತ್ರ ಹೇಳುತ್ತೆ ಅಂತ ಕೂರಬಾರದು.

ಬ್ಯಾಂಕ್ ಕೌಂಟರ್ 4
ಮೂಲ ಪ್ರಶ್ನೆಗೆ ಬರ್ತೀನಿ. ಬ್ಯಾಂಕ್ ಮತ್ತು ಫೋನ್ ಕಂಪನಿ ಒಬ್ಬರ ಕಡೆ ಒಬ್ಬರು ಕೈ ತೋರಿಸೋದನ್ನು ದಿನಾ ನೋಡ್ತೀನಿ. ಫೋನ್ ಬಿಲ್ ಒಂದೇ ದಾರಿ ಅಲ್ಲ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಆಧಾರ್, ಪಾಸ್‌ಪೋರ್ಟ್ ಮುಂತಾದವುಗಳಲ್ಲಿ ಹೊಸ ವಿಳಾಸ ಇಲ್ಲದಿದ್ದರೆ ಕರೆಂಟ್ ಬಿಲ್, ಫೋನ್ ಬಿಲ್, ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್, ಪೈಪಿನ ಗ್ಯಾಸ್ ಬಿಲ್, ನೀರಿನ ಬಿಲ್ ನಡೆಯುತ್ತೆ. ಬಿಲ್ ಎರಡು ತಿಂಗಳಿಗಿಂತ ಹಳೇದಿರಬಾರದು. ಇದರ ಜೊತೆಗೆ ಆಸ್ತಿ ತೆರಿಗೆ ಅಥವಾ ಪಾಲಿಕೆ ತೆರಿಗೆ ರಸೀದಿಯೂ ಅದೇ ಪಟ್ಟಿಯಲ್ಲಿದೆ. ಮನೆ ನಿಮ್ಮದೇ ಆದರೆ ಅದನ್ನೇ ಕೊಡಿ. ಮೂರು ತಿಂಗಳೊಳಗೆ ಹೊಸ ವಿಳಾಸದ ಆಧಾರ್ ಅಥವಾ ಅಂಥದ್ದೇ ದಾಖಲೆ ತಂದುಕೊಡಬೇಕು. ಬಿಲ್ ಕೊಟ್ಟು ಮರೆತುಬಿಡೋರು ಜಾಸ್ತಿ.

ನನ್ನನ್ನು ಕೇಳಿದರೆ ಮೊದಲು ಆಧಾರ್ ಸರಿ ಮಾಡಿಸಿ. ಅದಾದರೆ ಬ್ಯಾಂಕ್, ಗ್ಯಾಸ್, ಫೋನ್ ಎಲ್ಲವೂ ಸಲೀಸು.

ಕ್ಯಾತ್ಸಂದ್ರ ನಿವಾಸಿ
@ಬ್ಯಾಂಕ್ ಕೌಂಟರ್ 4 ಮನೆ ಅಪ್ಪನ ಹೆಸರಿಗೆ ನೋಂದಣಿ ಆಗಿದೆ. ಖಾತೆ ಬದಲಾವಣೆಯೂ ಆಗಿದೆ. ತೆರಿಗೆ ಕಟ್ಟಿದ ರಸೀದಿ ಇದೆ! ಇದನ್ನು ಫೋನಿನವರೂ ಒಪ್ಪುತ್ತಾರಾ?

ಗೌರಿಬಿದನೂರು ಎಕ್ಸ್‌ಪ್ರೆಸ್
ಸೇಲ್ ಡೀಡ್ ಮೊದಲ ಪುಟ, ತೆರಿಗೆ ರಸೀದಿ, ಅಪ್ಪನ ಆಧಾರ್, ಮೂರೂ ಜೆರಾಕ್ಸ್ ಮಾಡಿ ಸಹಿ ಹಾಕಿಸಿ ತಗೊಂಡು ಹೋಗಿ. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಸಹಿಯೇ ಬೇಕು. ಅಪ್ಪನ ಹೆಸರಲ್ಲಿದ್ದು ನೀವು ಸಹಿ ಮಾಡಿದರೆ ಅಲ್ಲೇ ನಿಲ್ಲುತ್ತೆ.

ಅರ್ಜಿಯಲ್ಲಿ ಎರಡು ಸಾಲು ಬೇರೆ ಬೇರೆ ಬರೆಯಿರಿ. ಒಂದು, ಕನೆಕ್ಷನ್ ಇರುವ ಜಾಗದ ವಿಳಾಸ. ಇನ್ನೊಂದು, ಬಿಲ್ ಕಳಿಸುವ ವಿಳಾಸ. ಇವೆರಡೂ ಅವರ ದಾಖಲೆಯಲ್ಲಿ ಬೇರೆ ಬೇರೆ ಖಾನೆ. ಒಂದನ್ನು ಬದಲಾಯಿಸಿದರೆ ಇನ್ನೊಂದು ಬದಲಾಗಲ್ಲ. ರಿಪೇರಿಯವರು ನೋಡೋದು ಮೊದಲನೇದು. ಬ್ಯಾಂಕಿನವರು ನೋಡೋದು ಬಿಲ್ಲಿನ ಮೇಲೆ ಅಚ್ಚಾಗುವ ಎರಡನೇದು.

ಫೈಬರ್ ಕೆಲಸದವನು
ಈ ಮಾತಿಗೆ ನೂರು ಅಂಕ. ಎಷ್ಟೋ ಜನಕ್ಕೆ ಎರಡು ವಿಳಾಸ ಇರುತ್ತೆ ಅಂತಲೇ ಗೊತ್ತಿಲ್ಲ.

ಇನ್ನೊಂದು. ಹಳೇ ಮನೆಯಲ್ಲಿದ್ದ ಪೆಟ್ಟಿಗೆಯನ್ನೇ ತಂದಿರಾ ಅಥವಾ ಹೊಸದು ಕೊಟ್ಟರಾ? ಹೊಸದು ಕೊಟ್ಟಿದ್ದರೆ ಹಳೇದನ್ನು ಯಾರಿಗೆ ವಾಪಸ್ ಕೊಟ್ಟಿರಿ ಅನ್ನೋದಕ್ಕೆ ಸೀರಿಯಲ್ ನಂಬರು ಬರೆದ ಚೀಟಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದೆ ಕನೆಕ್ಷನ್ ಮುಚ್ಚುವಾಗ ಅದರ ದುಡ್ಡು ಕೇಳ್ತಾರೆ.

ಕ್ಯಾತ್ಸಂದ್ರ ನಿವಾಸಿ
ಅದೇ ಪೆಟ್ಟಿಗೆ. ನಾವೇ ಬಿಚ್ಚಿ ತಂದೆವು. ಹಸಿರು ಮೂತಿಯ ಹಳದಿ ವೈರನ್ನೂ ಮಡಿಸದೆ ಸುತ್ತಿ ತಂದಿದ್ದೇವೆ.

ಸಿರಾಗೇಟ್ ಸುಬ್ಬಿ
ಕ್ಯಾತ್ಸಂದ್ರ ಅಂದಮೇಲೆ ಕೇಳಲೇಬೇಕು. ತಟ್ಟೆ ಇಡ್ಲಿ ಮನೆಗೆ ಎಷ್ಟು ಹತ್ತಿರ?

ಕ್ಯಾತ್ಸಂದ್ರ ನಿವಾಸಿ
ನಡೆದುಕೊಂಡು ಹೋಗುವಷ್ಟು. ಅಪ್ಪ ಬೆಳಗ್ಗೆ ವಾಕಿಂಗ್ ಅಂತ ಹೋಗೋದು ಅಲ್ಲಿಗೇ.

ಕೋಲಾರದ ಮಾವು
ಟಿಕೆಟ್ ಸುಮ್ನೆ ಮುಚ್ಚಿದರೆ ಏನು ಮಾಡೋದು ಅಂತ ಯಾರೂ ಹೇಳಲೇ ಇಲ್ಲ. ನನಗೂ ಇದೇ ಆಗಿತ್ತು, ಬೇರೆ ವಿಷಯಕ್ಕೆ.

ನಿವೃತ್ತ ಲೈನ್‌ಮನ್
ಪ್ರತಿ ದೂರಿಗೂ ಡಾಕೆಟ್ ನಂಬರು, ಅಂದ್ರೆ ದೂರಿನ ನೋಂದಣಿ ಸಂಖ್ಯೆ, ಕೊಡಲೇಬೇಕು. ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್‌ನ 2012ರ ನಿಯಮ ಅದು. ಬರೆದಿಟ್ಟುಕೊಳ್ಳಿ. ಸರಿ ಹೋಗದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಗೆ ಬರೆಯಬಹುದು. ಅದಕ್ಕೆ ದುಡ್ಡು ಕಟ್ಟಬೇಕಿಲ್ಲ. ಅಪೀಲು ಬಂದ ಮೇಲೆ 39 ದಿನದೊಳಗೆ ಅವರು ಉತ್ತರ ಕೊಡಬೇಕು. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ ಇದೆ. ದೂರಸಂಪರ್ಕ ಇಲಾಖೆಯನ್ನು ಆರಿಸಿ ಹಾಕಿ. ನನ್ನ ಅನುಭವದಲ್ಲಿ ಡಾಕೆಟ್ ನಂಬರು, ತಾರೀಕು ಹಾಕಿ ಕಾಗದದಲ್ಲಿ ಬರೆದವರ ಕೆಲಸ ಆಗುತ್ತೆ. ಫೋನಿನಲ್ಲಿ ಕೂಗಾಡಿದವರದು ಆಗಲ್ಲ.

ಕ್ಯಾತ್ಸಂದ್ರ ನಿವಾಸಿ
ಎಲ್ಲರಿಗೂ ಹೊಸ ಸುದ್ದಿ. ಫೋನ್ ಬಂತು! 'ವಾಯ್ಸ್ ಕಾನ್ಫಿಗರ್ ಆಗಿಲ್ಲ' ಅಂತ ಹೇಳಿದ್ದಕ್ಕೆ ಯಾರೂ ಮನೆಗೇ ಬರಲಿಲ್ಲ. ಎಲ್ಲೋ ಕೂತು ಸರಿ ಮಾಡಿದರು. ಪೆಟ್ಟಿಗೆ ಒಂದು ಸಲ ಆಫ್ ಮಾಡಿ ಆನ್ ಮಾಡಿ ಅಂದರು, ದೀಪ ಹತ್ತಿತು. ಅಮ್ಮ ಮೊದಲು ಮಾಡಿದ್ದು ಮಧುಗಿರಿಯ ಚಿಕ್ಕಮ್ಮನಿಗೆ. ವಿಳಾಸದ ಅರ್ಜಿ ಎರಡು ಸಾಲಿನಲ್ಲಿ ಬರೆದು, ಅಪ್ಪನ ಸಹಿ ಹಾಕಿಸಿ, ಕೌಂಟರಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದಿದ್ದೇನೆ. ತೆರಿಗೆ ರಸೀದಿ ಒಪ್ಪಿದರು. ಮುಂದಿನ ಬಿಲ್ಲಿನಲ್ಲಿ ಬರುತ್ತೆ ಅಂದಿದ್ದಾರೆ.

ಒಂದು ಚಿಕ್ಕ ಡೌಟು. ಅಪ್ಪ ನನ್ನ ಮೊಬೈಲ್‌ಗೆ ಮಾಡಿದರೆ ನಂಬರು ತಪ್ಪು ಅಂತ ಬರುತ್ತೆ. ಹಳೇ ಮನೆಯಲ್ಲಿ ಹೀಗಿರಲಿಲ್ಲ.

ಫೈಬರ್ ಕೆಲಸದವನು
ಸೊನ್ನೆ ಹಾಕ್ತಿದ್ದಾರಾ ನೋಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲ್‌ಗೆ ಮಾಡಿದರೂ ಮುಂದೆ 0 ಒತ್ತಲೇಬೇಕು. ಹಳೇ ಫೋನಿನ ಮೆಮೊರಿಯಲ್ಲಿ ಸೊನ್ನೆ ಸೇರಿಸಿ ಇಟ್ಟಿರಬಹುದು. ಈಗ ಹೊಸ ಹ್ಯಾಂಡ್‌ಸೆಟ್ ತಂದಿರಾ?

ಕ್ಯಾತ್ಸಂದ್ರ ನಿವಾಸಿ
ಹೌದು, ಹ್ಯಾಂಡ್‌ಸೆಟ್ ಹೊಸದು! ಅದೇ ಇರಬೇಕು. ಟೀಚರ್ ಹೇಳಿದ ರಟ್ಟಿನಲ್ಲಿ ಎಲ್ಲ ಮೊಬೈಲ್ ನಂಬರಿಗೂ ಸೊನ್ನೆ ಸೇರಿಸಿ ಬರೆಯುತ್ತೇನೆ.

ಶಿಡ್ಲಘಟ್ಟ ರೇಷ್ಮೆ
ಇಲ್ಲೇ ಕೇಳಿಬಿಡ್ತೀನಿ. ನಮ್ಮ ಕನೆಕ್ಷನ್ ತೀರಿಕೊಂಡ ತಾತನ ಹೆಸರಲ್ಲೇ ಇದೆ. ಅಜ್ಜಿ ಈಗ ನಮ್ಮ ಜೊತೆ ಬೇರೆ ಮನೆಗೆ ಬರ್ತಿದ್ದಾರೆ. ಶಿಫ್ಟ್ ಮೊದಲಾ, ಹೆಸರು ಮೊದಲಾ?

ಗೌರಿಬಿದನೂರು ಎಕ್ಸ್‌ಪ್ರೆಸ್
ಹೆಸರು ಮೊದಲು. ಶಿಫ್ಟಿಂಗ್ ಅರ್ಜಿಗೆ ಕನೆಕ್ಷನ್ ಇರುವವರ ಸಹಿ ಬೇಕು, ತೀರಿಕೊಂಡವರ ಹೆಸರಲ್ಲಿ ಅದು ಆಗಲ್ಲ. ಮರಣ ಪ್ರಮಾಣಪತ್ರ, ಅಜ್ಜಿಯ ಗುರುತಿನ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ತಗೊಂಡು ಕೌಂಟರಿಗೆ ಹೋಗಿ. ಬಾಕಿ ಬಿಲ್ ಇದ್ದರೆ ಕಟ್ಟಿ ಹೋಗಿ. ಹೆಸರು ಬದಲಾದ ಬಿಲ್ ಒಂದು ಕೈಗೆ ಬಂದ ಮೇಲೆ ಶಿಫ್ಟ್‌ಗೆ ಹಾಕಿ. ಎರಡೂ ಅರ್ಜಿ ಒಟ್ಟಿಗೆ ಕೊಡಬೇಡಿ, ಒಂದಕ್ಕೊಂದು ಸಿಕ್ಕಿಕೊಂಡು ಎರಡೂ ನಿಲ್ಲುತ್ತೆ.

ಶಿಡ್ಲಘಟ್ಟ ರೇಷ್ಮೆ
ಸರಿ. ಸೋಮವಾರ ಅಜ್ಜಿಯನ್ನು ಕರ್ಕೊಂಡು ಹೋಗ್ತೀನಿ.